ಇಲಾಖೆಗಳ ಕೂಡು ಕಾರ್ಯವೂ ರೈತನ ಒಂದೇ ದಾಖಲೆಯೂ

ಮಳೆ ತಪ್ಪಿ ಬೆಳೆ ಒಣಗಿದಾಗ ರೈತನಿಗೆ ಪರಿಹಾರವು ಮುಟ್ಟಬೇಕಾದರೆ ಒಂದೇ ಇಲಾಖೆಯ ಪ್ರಯತ್ನವು ಸಾಲದು. ಜಮೀನು ಯಾರದೆಂಬುದನ್ನು ಕಂದಾಯ ಇಲಾಖೆಯೂ, ಅದರ ಎಲ್ಲೆಯನ್ನು ಭೂಮಾಪನ ಇಲಾಖೆಯೂ, ಅಲ್ಲಿದ್ದ ಪೈರು ಯಾವುದೆಂಬುದನ್ನು ಕೃಷಿ ಅಥವಾ ತೋಟಗಾರಿಕೆ ಇಲಾಖೆಯೂ, ಹಣವನ್ನು ಯಾವ ಖಾತೆಗೆ ಜಮಾ ಮಾಡಬೇಕೆಂಬುದನ್ನು ಬ್ಯಾಂಕೂ ತಿಳಿಸಬೇಕು. ಪ್ರತಿಯೊಂದೂ ತನ್ನ ಕೆಲಸವನ್ನು ಸರಿಯಾಗಿ ಮಾಡಿದರೂ, ಒಂದರ ಲೆಕ್ಕವು ಇನ್ನೊಂದಕ್ಕೆ ಹೊಂದದಿದ್ದರೆ ಕಾರ್ಯವು ಕೆಡುವುದು. ಆದಕಾರಣ ಹಲವು ಇಲಾಖೆಗಳು ಕೂಡಿ ನಡೆಸುವ ಕಾರ್ಯಕ್ಕೆ ಮೊದಲೇ ಒಂದು ಒಟ್ಟು ನಕ್ಷೆಯಿರುವುದು ಅವಶ್ಯಕ. ಈ ನಕ್ಷೆಯನ್ನು ‘ಎಂಟರ್‌ಪ್ರೈಸ್ ಆರ್ಕಿಟೆಕ್ಚರ್’ ಎಂದು ಕರೆಯುತ್ತಾರೆ, ಕನ್ನಡದಲ್ಲಿ ಸಂಸ್ಥಾವಿನ್ಯಾಸವೆನ್ನಬಹುದು.

ವಿನ್ಯಾಸದ ಅರ್ಥ.— ಮನೆಯನ್ನು ಕಟ್ಟುವಾಗ ಕಲ್ಲುಕೆಲಸದವನು, ಬಡಗಿ, ಗಾರೆಯವನು ಮೊದಲಾದವರು ಒಂದೇ ನಕ್ಷೆಯನ್ನು ಅನುಸರಿಸುವಂತೆ, ದೊಡ್ಡ ಸಂಸ್ಥೆಯ ಮಾಹಿತಿ ವ್ಯವಸ್ಥೆಗೂ ನಕ್ಷೆಯಿರಬೇಕೆಂದು ಅಮೆರಿಕಾದ ಜಾನ್ ಜಕ್‌ಮನ್ ಎಂಬವರು ೧೯೮೭ರಲ್ಲಿ ಪ್ರತಿಪಾದಿಸಿದರು. ಆ ದೇಶದಲ್ಲಿ ೧೯೯೬ರ ಒಂದು ಶಾಸನವು ಕೇಂದ್ರ ಸರ್ಕಾರದ ಇಲಾಖೆಗಳಿಗೆ ಇಂತಹ ವಿನ್ಯಾಸವನ್ನು ಕಡ್ಡಾಯ ಮಾಡಿತು. ಭಾರತ ಸರ್ಕಾರವೂ ೨೦೧೮ರಲ್ಲಿ ‘ಇಂಡಿಯಾ’ ಎಂಬ ಸಂಕ್ಷಿಪ್ತ ನಾಮದಿಂದ ಒಂದು ಚೌಕಟ್ಟನ್ನು ಪ್ರಕಟಿಸಿತು.

ಈ ವಿನ್ಯಾಸದಲ್ಲಿ ಸಾಮಾನ್ಯವಾಗಿ ನಾಲ್ಕು ಅಂತಸ್ತುಗಳುಂಟು. ಮೊದಲನೆಯದು ಕಾರ್ಯ, ಅಂದರೆ ಯಾವ ಇಲಾಖೆಯು ಏನನ್ನು ಮಾಡತಕ್ಕದ್ದೆಂಬುದು. ಎರಡನೆಯದು ಮಾಹಿತಿ, ಯಾವ ಸಂಗತಿಯು ಯಾವ ದಫ್ತರದಲ್ಲಿ ಹುಟ್ಟತಕ್ಕದ್ದು, ಅದನ್ನು ತಿದ್ದುವ ಅಧಿಕಾರವು ಯಾರದು, ನೋಡುವ ಅಧಿಕಾರವು ಯಾರಿಗೆ ಎಂಬುದು. ಮೂರನೆಯದು ತಂತ್ರಾಂಶ. ನಾಲ್ಕನೆಯದು ಯಂತ್ರೋಪಕರಣ. ಕಡೆಯ ಎರಡು ಹಣದಿಂದ ದೊರೆಯುವುವು. ಮೊದಲ ಎರಡು ಇಲಾಖೆಗಳ ಪರಸ್ಪರ ಒಪ್ಪಂದದಿಂದ ಮಾತ್ರವೇ ದೊರೆಯತಕ್ಕವು.

ಕರ್ನಾಟಕದ ನಿದರ್ಶನ.— ಹಿಂದೆ ಪಹಣಿಗಳೆಲ್ಲವೂ ಸುಮಾರು ೯,೦೦೦ ಮಂದಿ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದುವು. ‘ಭೂಮಿ’ ಯೋಜನೆಯಿಂದ ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದುವು. ೨೦೦೧ರಿಂದೀಚೆಗೆ ತಾಲ್ಲೂಕು ಕಚೇರಿಗಳಲ್ಲಿ ಅವುಗಳ ಮುದ್ರಿತ ಪ್ರತಿಗಳು ರೈತರಿಗೆ ದೊರೆಯತೊಡಗಿದುವು. ಅನಂತರ ನೋಂದಣಿ ಇಲಾಖೆಯ ‘ಕಾವೇರಿ’ಯೂ ಭೂಮಾಪನ ಇಲಾಖೆಯ ‘ಮೋಜಿಣಿ’ಯೂ ಭೂಮಿಯೊಡನೆ ಜೋಡಣೆಯಾದುವು. ಕ್ರಯಪತ್ರವು ನೋಂದಣಿಯಾದ ಸಂಗತಿಯು ತಾನಾಗಿಯೇ ಕಂದಾಯ ಇಲಾಖೆಗೆ ತಿಳಿದು ಖಾತೆ ಬದಲಾವಣೆಯು ಆರಂಭವಾಗುವುದು. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವುದಕ್ಕೆ ಮುಂಚೆ ಭೂಮಾಪಕರ ನಕ್ಷೆಯು ಬೇಕಾಗುವುದು.

ಈ ಅಸ್ತಿಭಾರದ ಮೇಲೆ ‘ಫ್ರೂಟ್ಸ್’ ಎಂಬ ವ್ಯವಸ್ಥೆಯು ಏರ್ಪಟ್ಟಿದೆ. ರೈತನು ಒಂದು ಸಲ ನೋಂದಣಿ ಮಾಡಿಸಿಕೊಂಡು ಒಂದು ಗುರುತಿನ ಸಂಖ್ಯೆಯನ್ನು ಪಡೆದರೆ ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ ಮುಂತಾದ ಇಲಾಖೆಗಳು ಅದನ್ನೇ ಬಳಸುವುವು. ಬೆಳೆಸಾಲದ ವಿಷಯದಲ್ಲಿಯೂ, ಜಮೀನಿನ ಮೇಲಣ ಋಣದ ಘೋಷಣೆಯನ್ನು ಬ್ಯಾಂಕು ಇದರ ಮೂಲಕವೇ ನೋಂದಣಾಧಿಕಾರಿಗೆ ಕಳುಹಿಸಬಹುದಾದುದರಿಂದ ರೈತನ ಅಲೆದಾಟವು ಕಡಮೆಯಾಗುವುದು.

ಒಂದು ಲೆಕ್ಕ.— ಒಂದೇ ದಾಖಲೆಯಿಂದ ಅನುಕೂಲವು ಹೇಗೋ ಅಪಾಯವೂ ಹಾಗೆಯೇ ಉಂಟು. ಹಿಂದೆ ಒಂದು ಪುಸ್ತಕದ ತಪ್ಪು ಆ ಪುಸ್ತಕದಲ್ಲಿಯೇ ನಿಲ್ಲುತ್ತಿತ್ತು. ಈಗ ಅದು ಎಲ್ಲ ಇಲಾಖೆಗಳಿಗೂ ಹರಿಯುವುದು. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಘೋಷಿಸಲಾಯಿತು. ಪರಿಹಾರವನ್ನು ಹಂಚುವುದಕ್ಕೆ ಫ್ರೂಟ್ಸ್ ದಾಖಲೆಯನ್ನೇ ಆಧಾರವಾಗಿಟ್ಟುಕೊಳ್ಳಲಾಯಿತು. ವಿಪತ್ತು ಪರಿಹಾರ ನಿಧಿಯ ಆಗಿನ ನಿಯಮದಂತೆ ಶೇಕಡಾ ೩೩ಕ್ಕೆ ಕಡಮೆಯಿಲ್ಲದೆ ಬೆಳೆ ನಷ್ಟವಾದ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ ೮,೫೦೦ ರೂಪಾಯಿಗಳು, ೨ ಹೆಕ್ಟೇರಿನ ಮಿತಿಗೊಳಪಟ್ಟು ಸಲ್ಲತಕ್ಕದ್ದು. ಒಬ್ಬ ರೈತನಿಗೆ ೪ ಎಕರೆ ಹೊಲವಿದ್ದು, ೨ ಎಕರೆ ಮಾತ್ರ ಅವನ ಗುರುತಿನ ಸಂಖ್ಯೆಗೆ ಸೇರಿದೆಯೆಂದು ಇಟ್ಟುಕೊಂಡರೆ, ಸುಮಾರು ೧೩,೭೬೦ ರೂಪಾಯಿಗಳು ಬರಬೇಕಾದ ಕಡೆ ೬,೮೮೦ ರೂಪಾಯಿಗಳು ಮಾತ್ರ ಬರುವುವು. ಬೆಳೆ ಒಣಗಿದುದು ನಾಲ್ಕು ಎಕರೆಯಲ್ಲಿಯೂ ನಿಜವೇ. ಆದರೆ ದಾಖಲೆಯಲ್ಲಿಲ್ಲದ ಹೊಲವು ಇಲಾಖೆಗಳ ಕಣ್ಣಿಗೆ ಬೀಳುವುದಿಲ್ಲ.

ಗ್ರಾಮದ ಮುಖಂಡರು ಗಮನಿಸಬೇಕಾದ ಅಂಶಗಳು.— ತಪ್ಪು ಎಲ್ಲಿ ಹುಟ್ಟಿತೋ ಅಲ್ಲಿಯೇ ಅದನ್ನು ತಿದ್ದಿಸಬೇಕೆಂಬುದು ಸಂಸ್ಥಾವಿನ್ಯಾಸದ ಮುಖ್ಯ ಸೂತ್ರ. ಪಹಣಿಯ ತಪ್ಪನ್ನು ರೈತ ಸಂಪರ್ಕ ಕೇಂದ್ರದಲ್ಲಿ ಹೇಳಿಕೊಂಡರೆ ಪ್ರಯೋಜನವಿಲ್ಲ.

(೧) ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಜಮೀನು ಉಳಿದಿದ್ದರೆ ಮರಣಪತ್ರ ಮತ್ತು ವಂಶವೃಕ್ಷದೊಡನೆ ನಾಡಕಚೇರಿಯಲ್ಲಿ ಅರ್ಜಿಯನ್ನು ಕೊಟ್ಟು ಪೌತಿ ಖಾತೆಯನ್ನು ಮಾಡಿಸತಕ್ಕದ್ದು. ಮೃತನ ಹೆಸರಿನ ಜಮೀನು ಮಗನ ಗುರುತಿನ ಸಂಖ್ಯೆಗೆ ಸೇರಲಾರದು.

(೨) ಬೇರೆ ಗ್ರಾಮಗಳಲ್ಲಿರುವ ಜಮೀನೂ ಸೇರಿದಂತೆ ಎಲ್ಲ ಸರ್ವೆ ನಂಬರುಗಳೂ ಗುರುತಿನ ಸಂಖ್ಯೆಯಲ್ಲಿ ಬಂದಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿಕೊಳ್ಳತಕ್ಕದ್ದು.

(೩) ಬೆಳೆ ಸಮೀಕ್ಷೆಯಲ್ಲಿ ರಾಗಿಯ ಹೊಲವನ್ನು ಜೋಳವೆಂದು ಬರೆದಿದ್ದರೆ ವಿಮೆಗೂ ಪರಿಹಾರಕ್ಕೂ ಬೆಂಬಲ ಬೆಲೆಯ ಖರೀದಿಗೂ ತೊಡಕಾಗುವುದು. ‘ಬೆಳೆ ದರ್ಶಕ’ ಎಂಬ ಮೊಬೈಲ್ ಆ್ಯಪಿನಲ್ಲಿ ಪರೀಕ್ಷಿಸಿ, ಗೊತ್ತಾದ ಅವಧಿಯೊಳಗೆ ಆಕ್ಷೇಪಣೆಯನ್ನು ಸಲ್ಲಿಸತಕ್ಕದ್ದು.

(೪) ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಭೂಮಾಲೀಕರು ಇನ್ನೊಂದು ವಿಷಯವನ್ನು ಆಲೋಚಿಸುವುದು ಯುಕ್ತ. ದಾಖಲೆಯು ಪಹಣಿದಾರನನ್ನು ಬಲ್ಲುದು. ವಾರಕ್ಕೆ ಉತ್ತು ಬಿತ್ತಿದವನನ್ನು ಅರಿಯದು. ಬೀಜ ಗೊಬ್ಬರಗಳಿಗೆ ಹಣ ಹಾಕಿ ನಷ್ಟಪಟ್ಟವನು ಅವನಾಗಿದ್ದರೆ, ಮಾಲೀಕನ ಖಾತೆಗೆ ಬಂದ ಪರಿಹಾರವನ್ನು ಅವನಿಗೆ ಮುಟ್ಟಿಸುವ ಭಾರವು ಮಾಲೀಕನ ನ್ಯಾಯಬುದ್ಧಿಯ ಮೇಲೆಯೇ ನಿಂತಿದೆ. ಇದನ್ನು ಯಾವ ತಂತ್ರಾಂಶವೂ ಮಾಡಲಾರದು.

ಇಲಾಖೆಗಳು ತಮ್ಮೊಳಗೆ ಒಪ್ಪಿಕೊಂಡು ನಕ್ಷೆಯನ್ನು ಹಾಕಿವೆ. ಆ ನಕ್ಷೆಯಲ್ಲಿ ಪ್ರತಿಯೊಬ್ಬ ರೈತನ ಹೆಸರೂ ಹೊಲವೂ ಪೈರೂ ಸರಿಯಾಗಿ ಬರುವಂತೆ ಮಾಡುವ ಕೆಲಸವು ಗ್ರಾಮದಲ್ಲಿಯೇ ಆಗತಕ್ಕದ್ದು. ಮುಂದಿನ ಮುಂಗಾರಿಗೆ ಮೊದಲೇ ಮುಖಂಡರು ಗ್ರಾಮಸ್ಥರನ್ನು ಸೇರಿಸಿ ಈ ನಾಲ್ಕು ಅಂಶಗಳನ್ನು ಒಂದೊಂದು ಮನೆಗೂ ಪರಿಶೀಲಿಸಿದರೆ, ಬರವು ಬಂದ ಮೇಲೆ ಕಚೇರಿಗಳಿಗೆ ಅಲೆಯುವ ಕಷ್ಟವು ಬಹುಮಟ್ಟಿಗೆ ತಪ್ಪುವುದರಲ್ಲಿ ಸಂದೇಹವಿಲ್ಲ.