ಚಳಿಗಾಲದ ಹಕ್ಕಿಗೆ ಮಾಡೆಲ್ ಕಟ್ಟೋದು ಹೇಗೆ?

ಕಾಶ್ಮೀರ ನೊಣಹಿಡುಕ ಅನ್ನೋ ಪುಟ್ಟ ಹಾಡುಹಕ್ಕಿ ಬೇಸಿಗೆಯಲ್ಲಿ ಕಾಶ್ಮೀರದ ಕಾಡುಗಳಲ್ಲಿ ಮರಿ ಮಾಡುತ್ತೆ. ಚಳಿಗಾಲಕ್ಕೆ ನೀಲಗಿರಿಗೆ, ಶ್ರೀಲಂಕಾದ ಬೆಟ್ಟಗಳಿಗೆ ಬರುತ್ತೆ. ಭೂಮಿ ಬಿಸಿಯಾದರೆ ಈ ಚಳಿಗಾಲದ ಮನೆ ಎಷ್ಟು ಉಳಿಯುತ್ತೆ? ಇದನ್ನ ಅಂದಾಜು ಮಾಡೋಕೆ ಕಟ್ಟೋ ಮಾಡೆಲ್ ಮಷಿನ್ ಲರ್ನಿಂಗ್ ಓದಿರೋರಿಗೆ ತುಂಬಾ ಹೊಸದಲ್ಲ.

ಮೊದಲು ಡೇಟಾ. ಹಕ್ಕಿ ಕಂಡ ಜಾಗಗಳು ಇ-ಬರ್ಡ್‌ನಲ್ಲಿ ಸಿಗುತ್ತವೆ. ತಾಪಮಾನ, ಮಳೆಯ ನಕ್ಷೆಗಳು ವರ್ಲ್ಡ್‌ಕ್ಲಿಮ್‌ನಲ್ಲಿ ಸುಮಾರು 1 ಚದರ ಕಿ.ಮೀ. ಚೌಕಗಳಾಗಿ ಇವೆ. ಮ್ಯಾಕ್ಸೆಂಟ್ ಅನ್ನೋ ಸಾಫ್ಟ್‌ವೇರ್ ಹಕ್ಕಿ ಕಂಡ ಚೌಕಗಳನ್ನ ಸುತ್ತಲಿನ ಚೌಕಗಳ ಜೊತೆ ಹೋಲಿಸಿ, ಪ್ರತಿ ಚೌಕಕ್ಕೂ 0 ಮತ್ತು 1ರ ನಡುವಿನ ಅಂಕ ಕೊಡುತ್ತೆ. ಆಮೇಲೆ 2050ರ ಅಂದಾಜು ಹವಾಮಾನ ಹಾಕಿದರೆ ಹೊಸ ನಕ್ಷೆ ಬರುತ್ತೆ. ಆದರೆ ಮೂರು ಕಡೆ ಎಚ್ಚರ ಬೇಕು.

ಒಂದು, ಜನ ಎಲ್ಲಿ ಹೋಗ್ತಾರೋ ಅಲ್ಲೇ ದಾಖಲೆ ಜಾಸ್ತಿ. ಶ್ರೀಲಂಕಾದ ನುವಾರ ಎಲಿಯ ಊರಿನ ವಿಕ್ಟೋರಿಯಾ ಪಾರ್ಕ್ ಈ ಹಕ್ಕಿ ನೋಡೋಕೆ ಹೆಸರುವಾಸಿ. ಅಲ್ಲಿನ ದಾಖಲೆಗಳನ್ನೆಲ್ಲ ಹಾಗೇ ಹಾಕಿದರೆ ಮಾಡೆಲ್ ಕಲಿಯೋದು ಹಕ್ಕಿಯ ಇಷ್ಟವನ್ನಲ್ಲ, ಪ್ರವಾಸಿಗರ ಇಷ್ಟವನ್ನ. ಒಂದು ಚೌಕಕ್ಕೆ ಒಂದೇ ದಾಖಲೆ ಸಾಕು. ಹೋಲಿಕೆಯ ಚೌಕಗಳನ್ನೂ ಜನ ಹಕ್ಕಿ ಹುಡುಕಿದ ಕಡೆಯಿಂದಲೇ ಆರಿಸಬೇಕು.

ಎರಡು, ತಿಂಗಳು. "ವರ್ಷದ ಅತಿ ಬಿಸಿ ತಿಂಗಳ ತಾಪಮಾನ" ಅನ್ನೋ ವೇರಿಯಬಲ್ ರೆಡಿಯಾಗಿ ಸಿಗುತ್ತೆ. ಆದರೆ ಮೇ ತಿಂಗಳಲ್ಲಿ ಹಕ್ಕಿ ಕಾಶ್ಮೀರದಲ್ಲಿರುತ್ತೆ! ನವೆಂಬರ್‌ನಿಂದ ಫೆಬ್ರವರಿವರೆಗಿನ ಸರಾಸರಿಯನ್ನ ನಾವೇ ತೆಗೀಬೇಕು.

ಮೂರು, ಟೆಸ್ಟಿಂಗ್. ದಾಖಲೆಗಳನ್ನ ರ‍್ಯಾಂಡಮ್ ಆಗಿ 80-20 ಅಂತ ಒಡೆದರೆ ಟೆಸ್ಟ್‌ಗೆ ಇಟ್ಟ ಜಾಗ ಟ್ರೈನಿಂಗ್ ಜಾಗದ ಪಕ್ಕದಲ್ಲೇ ಬಂದುಬಿಡುತ್ತೆ. ಪ್ರಶ್ನೆಪತ್ರಿಕೆ ನೋಡಿಕೊಂಡು ಪರೀಕ್ಷೆ ಬರೆದ ಹಾಗೆ. ಶ್ರೀಲಂಕಾದ ಡೇಟಾದಲ್ಲಿ ಕಲಿಸಿ, ನೀಲಗಿರಿಯಲ್ಲಿ ಪರೀಕ್ಷಿಸಿ. ಆಗ ಮಾಡೆಲ್‌ನ ನಿಜವಾದ ಯೋಗ್ಯತೆ ಗೊತ್ತಾಗುತ್ತೆ.

ಇಷ್ಟೊಂದು ಹುಷಾರು ಯಾಕೆ? ಒಂದು ಸಣ್ಣ ಲೆಕ್ಕ ಮಾಡೋಣ. 1 ಕಿ.ಮೀ. ಮೇಲೇರಿದರೆ ಸುಮಾರು 6.5 ಡಿಗ್ರಿ ತಂಪಾಗುತ್ತೆ. ಅಂದ್ರೆ ಹವೆ 1 ಡಿಗ್ರಿ ಬಿಸಿಯಾದರೆ ಅದೇ ತಂಪಿಗೆ ಸುಮಾರು 150 ಮೀಟರ್ ಮೇಲೆ ಹೋಗಬೇಕು. ಹಕ್ಕಿಗೆ ಬೆಟ್ಟದ ತುದಿಯ 600 ಮೀಟರ್ ಮಾತ್ರ ಒಗ್ಗುತ್ತೆ, ಅದು ಶಂಕುವಿನ ಆಕಾರದಲ್ಲಿದೆ ಅಂದುಕೊಳ್ಳಿ. ಉಳಿಯೋದು 450 ಮೀಟರ್. ವಿಸ್ತೀರ್ಣ (450/600)², ಅಂದ್ರೆ ಮೊದಲಿನ 56% ಮಾತ್ರ. ಒಂದೇ ಡಿಗ್ರಿಗೆ ಹತ್ತಿರ ಹತ್ತಿರ ಅರ್ಧ ಜಾಗ ಹೋಯ್ತು!

ನೀಲಗಿರಿಯ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಅದರ ಮೇಲೆ ಬರೀ ಆಕಾಶ. ಉಳಿಯೋ ಸ್ವಲ್ಪ ಜಾಗದಲ್ಲಿ ಯಾವ ಕಾಡನ್ನ ಕಾಪಾಡಬೇಕು ಅಂತ ಹೇಳಬೇಕಾದ ನಕ್ಷೆ, ಪಾರ್ಕಿಗೆ ದಾರಿ ತೋರಿಸಿದರೆ ಹಕ್ಕಿಗೆ ಏನೂ ಉಪಯೋಗ ಇಲ್ಲ.