ಗಾಯರಾಣದ ಹುಲ್ಲು

ಸಂಶಿಯ ಸುತ್ತಲಿನ ಎರೆಭೂಮಿಯನ್ನು ನಾವು ಹತ್ತಿಯ ಸೀಮೆಯೆಂದೂ ಮೆಣಸಿನಕಾಯಿಯ ಸೀಮೆಯೆಂದೂ ಹೊಗಳುತ್ತೇವೆ. ನೇಗಿಲು ಇಳಿಯುವ ಮೊದಲು ಅದು ಬಹುಮಟ್ಟಿಗೆ ಹುಲ್ಲಿನ ಸೀಮೆಯಾಗಿತ್ತೆಂಬುದನ್ನು ನೆನೆಯುವವರು ವಿರಳ. ಆ ಹುಲ್ಲು ಈಗ ಉಳಿದಿರುವುದು ಹೊಲದ ಒಡ್ಡುಗಳಲ್ಲಿ, ರೈಲು ದಾರಿಯ ಮಗ್ಗುಲಲ್ಲಿ ಮತ್ತು ಊರ ದನಗಳಿಗೆಂದು ಬಿಟ್ಟ ಗಾಯರಾಣಗಳಲ್ಲಿ. ಅನೇಕ ಊರುಗಳ ಗಾಯರಾಣವು ಎರಡು ಮೂರು ಬಗೆಯ ಕಸದ ಬಯಲಾಗಿದೆ. ಅದನ್ನು ಬಂಜರೆಂದು ಬರೆದು ಮತ್ತೊಂದಕ್ಕೆ ಕೊಡುವ ಮುನ್ನ, ಅದು ಹಾಗಾದ ಬಗೆಯನ್ನು ಅರಿಯುವುದು ಯುಕ್ತ.

ದನವು ರುಚಿಯಾದುದನ್ನೇ ಮೊದಲು ತಿನ್ನುತ್ತದೆ. ವರ್ಷವಿಡೀ ಮೇಯಿಸಿದರೆ ಸೆಹಿಮಾ, ಡೈಕಾಂಥಿಯಂ ಎಂಬ ಬಹುವಾರ್ಷಿಕ ಹುಲ್ಲುಗಳು ಬೀಜ ಕಟ್ಟಲಾರದೆ ಕ್ಷಯಿಸುತ್ತವೆ. 1973ರಲ್ಲಿ ಪ್ರಕಟವಾದ ಭಾರತದ ಹುಲ್ಲುಹೊದಿಕೆಯ ಗ್ರಂಥವು ದಖ್ಖಣವನ್ನು ಈ ಎರಡರ ಹೆಸರಿನಿಂದಲೇ ಕರೆದಿದೆ. ಅವು ಹೋದಲ್ಲಿ, ಸೀರೆಯ ಅಂಚಿಗೆ ಸೂಜಿಯಂತೆ ಚುಚ್ಚಿಕೊಳ್ಳುವ ಬೀಜದ ಹುಲ್ಲು ಹಬ್ಬುತ್ತದೆ. ಅದೂ ಸವೆದ ಮೇಲೆ ಕೃಶವಾದ ವಾರ್ಷಿಕ ಹುಲ್ಲುಗಳು. ಕಟ್ಟಕಡೆಗೆ ಕಾಂಗ್ರೆಸ್ ಕಸ ಮತ್ತು ಬಳ್ಳಾರಿ ಜಾಲಿ. ಹುಲ್ಲಿನ ನಡುವೆ ಅರಳುತ್ತಿದ್ದ ವಿಷ್ಣುಕ್ರಾಂತಿ, ತುಂಬೆ, ಕೊಗ್ಗಿ ಮೊದಲಾದ ಸಣ್ಣ ಸಸ್ಯಗಳೂ ಸದ್ದಿಲ್ಲದೆ ಮರೆಯಾಗುತ್ತವೆ. ಕೊಗ್ಗಿಯಂಥ ದ್ವಿದಳ ಸಸ್ಯಗಳು ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತಿದ್ದುದರಿಂದ ಈ ನಷ್ಟವು ಬರಿಯ ಹೂವಿನದಲ್ಲ.

ಬರಿದಾದ ಬಯಲನ್ನು ಕಂಡೊಡನೆ ಗಿಡ ನೆಡೋಣವೆನ್ನುವವರು ಬಹಳ. ಅದರ ಫಲವನ್ನು ನೋಡಬೇಕಾದರೆ ಸಂಶಿಯಲ್ಲಿ ಗಾಡಿಯನ್ನು ಹತ್ತಿ ಹಾವೇರಿಯ ಮಾರ್ಗವಾಗಿ ರಾಣೇಬೆನ್ನೂರಿಗೆ ಹೋದರಾಯಿತು. ಅಲ್ಲಿ 119 ಚದರ ಕಿಲೋಮೀಟರು ಪ್ರದೇಶವನ್ನು 1974ರಲ್ಲಿ ಚಿಗರಿಗಳಿಗಾಗಿ ಅಭಯಾರಣ್ಯವೆಂದು ಸಾರಲಾಯಿತು. ಆದರೆ ಅದರ ಬಹುಭಾಗವನ್ನು ನೀಲಗಿರಿಯ ನೆಡುತೋಪು ಆವರಿಸಿತು. ಬಯಲನ್ನೇ ನಂಬಿದ್ದ ಎರೆಭೂತ ಪಕ್ಷಿಯು ಅಲ್ಲಿಂದ ಕಣ್ಮರೆಯಾಯಿತು. ಹುಲ್ಲುಗಾವಲು ಮರವಿಲ್ಲದ ಕಾಡಲ್ಲ. ಅದು ತನ್ನದೇ ಆದ ನೆಲೆ. ನೆರಳು ಬಿದ್ದಲ್ಲಿ ಬಿಸಿಲಿನ ಹುಲ್ಲು ಬಾಳಲಾರದು.

ಗೊಬ್ಬರದ ಮಾತು ಇನ್ನೂ ಆಶ್ಚರ್ಯಕರವಾದುದು. ಇಂಗ್ಲಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ 1856ರಿಂದ ಒಂದೇ ಹುಲ್ಲುಗಾವಲನ್ನು ಪಟ್ಟಿಗಳಾಗಿ ವಿಭಾಗಿಸಿ ಪರೀಕ್ಷಿಸುತ್ತ ಬಂದಿದ್ದಾರೆ. ಗೊಬ್ಬರವನ್ನೇ ಕಾಣದ ಪಟ್ಟಿಯಲ್ಲಿ ಸುಮಾರು 40 ಬಗೆಯ ಸಸ್ಯಗಳಿವೆ. ಸಾರಜನಕದ ಲವಣವನ್ನು ಯಥೇಚ್ಛವಾಗಿ ಉಣಿಸಿ, ಸುಣ್ಣವನ್ನು ಹಾಕದೆ ಬಿಟ್ಟ ಪಟ್ಟಿಗಳಲ್ಲಿ ಎರಡು ಮೂರು ಬಗೆ ಮಾತ್ರ. ಕೊಬ್ಬಿದ ಒಂದೆರಡು ಹುಲ್ಲುಗಳು ಉಳಿದವುಗಳ ಬೆಳಕನ್ನು ಕಸಿದುಕೊಳ್ಳುತ್ತವೆ. ಮಣ್ಣಿನ ಹುಳಿಯೂ ಹೆಚ್ಚುತ್ತದೆ. ಆದುದರಿಂದ ಆ ದೇಶದವರು ಸೊಕ್ಕಿದ ಹುಲ್ಲನ್ನು ಕುಗ್ಗಿಸಲು ಅದರ ಬೇರಿಗಂಟಿ ಸಾರ ಹೀರುವ ಹಳದಿ ಹೂವಿನ ಒಂದು ಸಸ್ಯವನ್ನು ಬೇಕೆಂದೇ ಬಿತ್ತುತ್ತಾರೆ. ನಮ್ಮ ಜೋಳದ ಬೇರನ್ನು ಹೀರುವ ಕಳೆಯು ಅದರ ಬಳಗದ್ದೇ. ಜೋಳ ಬೆಳೆಯುವ ನಮ್ಮ ಪಾಲಕರು ಅದನ್ನು ಹೊಗಳಿದರೆ ಒಪ್ಪಲಾರರು!

ನಮ್ಮ ಕಡೆಗೆ ಅಂಥ ಉಪಾಯ ಬೇಕಿಲ್ಲ. ಗಾಯರಾಣವನ್ನು ಭಾಗಗಳಾಗಿ ಮಾಡಿ, ಮಳೆಗಾಲದಲ್ಲಿ ಸರದಿಯಂತೆ ಒಂದೊಂದನ್ನು ಮೇಯಿಸದೆ ಬಿಡುವುದು ಮೊದಲ ಕೆಲಸ. ಬಳ್ಳಾರಿ ಜಾಲಿಯನ್ನು ಬುಡಸಹಿತ ಅಗೆದು ತೆಗೆಯಬೇಕು. ಬರಿದೆ ಕಡಿದರೆ ಮತ್ತೆ ಚಿಗುರುತ್ತದೆ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳಬೇಕು. ಅದು ಮೈಗೆ ತಗಲಿದರೆ ಹಲವರಿಗೆ ತುರಿಕೆಯಾಗುವುದರಿಂದ ಕೈಯನ್ನು ಮುಚ್ಚಿಕೊಳ್ಳುವುದು ಅವಶ್ಯ. ಆದರೂ ಬಿಡುವು ಕೊಟ್ಟ ಮಾತ್ರಕ್ಕೆ ಎಲ್ಲವೂ ಮರಳುವುದಿಲ್ಲ. ನೆಲದಲ್ಲಿ ಬೀಜವೇ ಉಳಿದಿರದಿದ್ದರೆ ಏನು ಮೊಳೆಯಬೇಕು?

ಆ ಬೀಜವು ಒಡ್ಡುಗಳಲ್ಲಿದೆ. ಅದನ್ನು ಬಲ್ಲವರು, ದಿನವೂ ಕುಡುಗೋಲು ಹಿಡಿದು ಹುಲ್ಲಿನ ಹೊರೆ ತರುವ ನಮ್ಮ ತಾಯಂದಿರು. ಯಾವ ಹುಲ್ಲನ್ನು ಎಮ್ಮೆ ಆಯ್ದು ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬುದು ಅವರಿಗೆ ಗೊತ್ತು. ಮಳೆಗಾಲ ಮುಗಿದು ತೆನೆ ಮಾಗಿದ ಮೇಲೆ ಒಳ್ಳೆಯ ಒಡ್ಡಿನ ಹುಲ್ಲನ್ನು ಕೊಯ್ದು, ಕಾಂಗ್ರೆಸ್ ಕಸ ಬೆರೆಯದಂತೆ ಆರಿಸಿ ಒಣಗಿಸಿಡಬಹುದು. ಮುಂಗಾರಿಗೆ ಮುಂಚೆ ಕೆದರಿದ ನೆಲದ ಮೇಲೆ ಅದನ್ನೇ ಹರಡಿದರೆ ಬೀಜ ಉದುರಿ ಮೊಳೆಯುವುದು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಪಂಚಾಯತಿಯಲ್ಲಿ ಕೂಡುವವರಿದ್ದರೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವನ್ನು ಕೇಳಿ ನೋಡಲಿ. ಮೊದಲು ಒಂದು ಎಕರೆ ಸಾಕು. ಅದರ ಬೀಜ ಮಾಗಿದ ಮೇಲೆ ಮುಂದಿನ ಎಕರೆಗೆ ಹೊರಗಿನ ಹುಲ್ಲು ಬೇಕಾಗದು.