ಬಿರುಕಿಗೆ ಬರೀ ವೆಲ್ಡಿಂಗ್ ಸಾಕಾ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಅಂದಿನಿಂದ ನಮ್ಮ ಸೀಮೆಗೆ ಕಬ್ಬಿಣ, ಉಕ್ಕು ಹೊಸದಲ್ಲ. ಆದರೂ ಉಕ್ಕಿಗೂ ದಣಿವಾಗುತ್ತೆ ಅಂದ್ರೆ ನಗೋರು ಇದ್ದಾರೆ. ಒಂದೇ ಏಟಿಗೆ ಮುರಿಯದ ಉಕ್ಕು, ಸಣ್ಣ ಸಣ್ಣ ಏಟನ್ನು ಲಕ್ಷಾಂತರ ಸಲ ತಿಂದರೆ ಬಿರುಕು ಬಿಡುತ್ತದೆ. ನಾವು ಕ್ಲಾಸಿನಲ್ಲಿ ಓದುವ ಫಟೀಗ್ ಇದೇ.

ರ‍್ಯಾಲಿಗಳಲ್ಲಿ ಹೆಸರು ಮಾಡಿದ ಹಳೇ ಮಾರುತಿ ಜಿಪ್ಸಿಯನ್ನೇ ತಗೊಳ್ಳೋಣ. ಏಣಿಯಂಥ ಲ್ಯಾಡರ್ ಫ್ರೇಮ್, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್. ಶಿವಮೊಗ್ಗದಿಂದ ಹೊರಟು ಆಗುಂಬೆ ಘಾಟಿ ಇಳಿದು ಹತ್ತಿದರೆ ಪ್ರತಿ ಗುಂಡಿಗೂ ಫ್ರೇಮ್ ತಿರುಚಿಕೊಳ್ಳುತ್ತದೆ. ಮಲೆನಾಡಿನ ಮಳೆಗೆ ತುಕ್ಕು ಹಿಡಿದು ಬಿದ್ದ ಸಣ್ಣ ಕುಳಿಗಳಲ್ಲಿ ಬಿರುಕು ಹುಟ್ಟುತ್ತದೆ.

ಎಲ್ಲಿ ಹುಡುಕಬೇಕು?
ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್, ಸ್ಟೀರಿಂಗ್ ಬಾಕ್ಸ್ ಕೂತ ಜಾಗ, ಶಾಕ್ ಅಬ್ಸಾರ್ಬರ್ ಮೌಂಟ್, ಕ್ರಾಸ್ ಮೆಂಬರ್ ಸೇರುವ ಮೂಲೆ, ಹಳೇ ವೆಲ್ಡಿನ ಅಂಚು. ಪೇಂಟಿನ ಮೇಲೆ ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೆ ಅನುಮಾನಪಡಿ. ಅದು ಪೇಂಟಿನ ಬಿರುಕೋ ಉಕ್ಕಿನದೋ ತಿಳಿಯಲು ಡೈ ಪೆನೆಟ್ರಂಟ್ ಟೆಸ್ಟ್ ಮಾಡಬೇಕು. ಪೇಂಟ್, ಗ್ರೀಸ್ ಪೂರ್ತಿ ತೆಗೆದು ಕೆಂಪು ಡೈ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಆಮೇಲೆ ಬಟ್ಟೆಯಿಂದ ಒರೆಸಿ. ಕ್ಲೀನರನ್ನು ನೇರವಾಗಿ ಸ್ಪ್ರೇ ಮಾಡಿದ್ರೆ ಬಿರುಕಿನೊಳಗಿನ ಡೈಯೂ ತೊಳೆದುಹೋಗುತ್ತೆ. ಕೊನೆಗೆ ಬಿಳಿ ಡೆವಲಪರ್ ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಎದ್ದು ಕಾಣುತ್ತದೆ.

ತೂತು ಯಾಕೆ?
ಬಿರುಕಿನ ತುದಿಯಲ್ಲಿ ಡ್ರಿಲ್ ಹಾಕೋದನ್ನು ವರ್ಕ್‌ಶಾಪಿನಲ್ಲಿ ನೋಡಿರ್ತೀವಿ. 1913ರಲ್ಲಿ ಇಂಗ್ಲಿಸ್ ಕೊಟ್ಟ ಲೆಕ್ಕ ಇದಕ್ಕೆ ಉತ್ತರ. ಎಳೆತಕ್ಕೆ ಅಡ್ಡಲಾಗಿರುವ ಅಂಡಾಕಾರದ ತೂತಿನ ತುದಿಯಲ್ಲಿ ಸ್ಟ್ರೆಸ್ 1 + 2 × (ಉದ್ದ ÷ ಅಗಲ) ಪಟ್ಟು. ದುಂಡು ತೂತಿಗೆ 3 ಪಟ್ಟು. ಅಗಲಕ್ಕಿಂತ ಉದ್ದ 10ರಷ್ಟಿದ್ದರೆ 21 ಪಟ್ಟು! ಚೂಪಾದ ತುದಿಯನ್ನು ದುಂಡಗೆ ಮಾಡಿದರೆ ಬಿರುಕಿನ ಓಟ ನಿಲ್ಲುತ್ತದೆ. ಆದರೆ ನಿಜವಾದ ತುದಿ ಕಣ್ಣಿಗೆ ಕಾಣುವುದಕ್ಕಿಂತ ತುಸು ಮುಂದಿರುತ್ತದೆ. ತೂತು ಅದನ್ನೂ ನುಂಗಬೇಕು.

ರಿಪೇರಿ ಹೇಗೆ?
ಮೊದಲು ಬ್ಯಾಟರಿ ಕಳಚಿ, ಪೆಟ್ರೋಲ್ ಟ್ಯಾಂಕನ್ನು ಗಾಡಿಯಿಂದ ಇಳಿಸಿ. ಫ್ರೇಮಿನ ಕರ್ಣಗಳನ್ನು ಅಳೆದು, ಸೊಟ್ಟಗಾಗಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಬಿರುಕಿನುದ್ದಕ್ಕೂ ಗ್ರೈಂಡರ್‌ನಿಂದ ‘ವಿ’ ಆಕಾರದ ಕಾಲುವೆ ತೆಗೆದು, ವೆಲ್ಡ್ ತಳದವರೆಗೂ ಇಳಿಯುವಂತೆ ತುಂಬಬೇಕು. ಮೇಲೆ ಮೇಲೆ ಒಂದು ಗೆರೆ ಎಳೆದರೆ ಒಳಗಿನ ಬಿರುಕು ಹಾಗೇ ಉಳಿಯುತ್ತೆ. ಬಲಕ್ಕೆ ಪ್ಲೇಟ್ ಕೂರಿಸುವುದಾದರೆ ಅದರ ತುದಿ ಓರೆಯಾಗಿ ಸಣ್ಣಗಾಗಲಿ. ಫ್ರೇಮಿಗೆ ನೇರ ಅಡ್ಡಲಾಗಿ ವೆಲ್ಡ್ ಬಿದ್ದರೆ, ಮುಂದಿನ ಬಿರುಕು ಅಲ್ಲಿಂದಲೇ. ತುಂಬಾ ದಪ್ಪ ಪ್ಲೇಟೂ ಬೇಡ. ಗಟ್ಟಿ ಭಾಗ ಮುಗಿಯುವ ಕಡೆ ಬಾಗುವ ಭಾರವೆಲ್ಲ ಒಟ್ಟಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಬಾಕಿ: ಬಿರುಕು ಇಲ್ಲೇ ಯಾಕೆ ಬಂತು? ಸವೆದ ಬುಷ್, ಸತ್ತ ಶಾಕ್ ಅಬ್ಸಾರ್ಬರ್, ಸಡಿಲ ಬೋಲ್ಟ್, ಇವನ್ನು ಸರಿಪಡಿಸದಿದ್ದರೆ ವೆಲ್ಡಿನ ಪಕ್ಕದಲ್ಲೇ ಮತ್ತೆ ಒಡೆಯುತ್ತೆ. ಸುತ್ತಿಗೆಯಿಂದ ತಟ್ಟಿದಾಗ ಉಕ್ಕು ಪದರ ಪದರವಾಗಿ ಉದುರಿದರೆ ಬಿರುಕು ತುಂಬುವ ಮಾತೇ ಬೇಡ. ಆ ಭಾಗ ಕತ್ತರಿಸಿ ಹೊಸದು ಹಾಕಬೇಕು, ಇಲ್ಲವೇ ಫ್ರೇಮನ್ನೇ ಬದಲಿಸಬೇಕು.

ಕಪ್ಪು ಪೇಂಟ್ ಬಳಿದ ಮೇಲೆ ಒಳ್ಳೇ ರಿಪೇರಿ, ಕೆಟ್ಟ ರಿಪೇರಿ ಎರಡೂ ಒಂದೇ ಥರ ಕಾಣುತ್ತವೆ. ಘಾಟಿಯ ತಿರುವಿನಲ್ಲಿ ವ್ಯತ್ಯಾಸ ತಿಳಿಯುವುದು ಬೇಡ. ಪೇಂಟಿಗೆ ಮುಂಚೆ ಇನ್ನೊಮ್ಮೆ ಡೈ ಹಚ್ಚಿ ನೋಡೋಣ.